ಮಡಚುವ ಲ್ಯಾಪ್‌ಟಾಪ್, ರಸ್ತೆ ಕಡೆಯ ಒಲೆ

ಟ್ಯಾಬ್ಲೆಟ್ ಕೊಳ್ಳಲೋ, ಮಡಚಿದರೆ ಟ್ಯಾಬ್ಲೆಟ್ ಆಗುವ ಲ್ಯಾಪ್‌ಟಾಪ್ ಕೊಳ್ಳಲೋ ಎಂದು ಯಾರಾದರೂ ನನ್ನನ್ನು ಕೇಳಿದರೆ, ಉತ್ತರ ಕೊಡುವ ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ನೀವು ಕೆಲಸ ಮಾಡುವಾಗ ನಿಮ್ಮ ಎದುರಿಗೆ ಯಾರು ಕೂತಿರುತ್ತಾರೆ? ಕೇಳಿದವರು ಪಿಳಿಪಿಳಿ ಕಣ್ಣು ಬಿಡುತ್ತಾರೆ. ಅಂಗಡಿಯವನು ಅವರಿಗೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ತೂಕವೆಷ್ಟು, ಪೆನ್ನು ಜೊತೆಗೇ ಕೊಡುತ್ತಾರೋ ಬೇರೆ ಕೊಳ್ಳಬೇಕೋ ಎಂದೆಲ್ಲ ಹೇಳಿ ಕಳಿಸಿರುತ್ತಾನೆ. ಎದುರಿಗೆ ಕೂರುವವರ ಸುದ್ದಿ ಎತ್ತಿರುವುದಿಲ್ಲ. ನನಗೂ ಮೊದಲು ಆ ಯೋಚನೆ ಇರಲಿಲ್ಲ. ಅದನ್ನು ನನ್ನ ತಲೆಗೆ ಹಾಕಿದ್ದು ತಲಕಾಡು ರಸ್ತೆಯ ಹಳ್ಳಿಯೊಂದರಲ್ಲಿ ಇಡ್ಲಿ ಮಾರುವ ಒಬ್ಬ ಅವ್ವ. ಅವರ ಒಲೆ ರಸ್ತೆ ಕಡೆ ಉಳಿಯುತ್ತದೋ ಹಿತ್ತಲಿಗೆ ಹೋಗುತ್ತದೋ ಎಂದು ತೀರ್ಮಾನವಾಗಬೇಕಿದ್ದ ದಿನ ನನ್ನ ಕೈಯಲ್ಲಿ ನನ್ನದಲ್ಲದ ಒಂದು ಮಿಷನ್ ಇತ್ತು.

ನಾನು ಮನೆಯ ಪ್ಲಾನ್ ಬರೆಯುವವಳು. ಸಿವಿಲ್ ಡಿಪ್ಲೊಮಾ ಮಾಡಿ, ನಂಜನಗೂಡಿನಲ್ಲಿ ಗೊಬ್ಬರದ ಅಂಗಡಿಯೊಂದರ ಮೇಲೆ ಒಂದು ಕೋಣೆ ಹಿಡಿದು ಕೂತವಳು. ಜನ ನನ್ನನ್ನು ‘ಪ್ಲಾನ್ ಮೇಡಂ’ ಎನ್ನುತ್ತಾರೆ. ಹೆಂಗಸಿನ ಕೈಯಲ್ಲಿ ಮನೆ ಬರೆಸುವುದೇ ಎಂದು ಮೊದಮೊದಲು ಮೂಗು ಮುರಿದವರೇ ಈಗ ತಮ್ಮ ಅಳಿಯಂದಿರ ಮನೆಗೂ ನನ್ನನ್ನೇ ಕರೆಯುತ್ತಾರೆ. ಕೆಲಸ ನನಗೆ ಚೆನ್ನಾಗಿ ಬರುತ್ತದೆ, ಅದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಎಷ್ಟೋ ಜನ ಬರೆದುಕೊಡುವ ಪ್ಲಾನುಗಳಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಜಾಗವೇ ಇರುವುದಿಲ್ಲ. ಒಲೆ ಹಚ್ಚುವವಳು ಎಲ್ಲಿ ನಿಲ್ಲುತ್ತಾಳೆ ಎನ್ನುವುದು ಅವರಿಗೆ ಗೃಹಪ್ರವೇಶದ ದಿನ ನೆನಪಾಗುತ್ತದೆ. ನಾನು ಶುರು ಮಾಡುವುದೇ ಅಲ್ಲಿಂದ.

ನಮ್ಮ ಕಡೆ ಪ್ಲಾನ್ ನೋಡುವುದಕ್ಕೆ ಒಂದು ಪದ್ಧತಿಯಿದೆ. ಅದನ್ನು ಕೈಯಲ್ಲಿ ಹಿಡಿದು ನೋಡುವುದಿಲ್ಲ. ಮನೆ ಏಳಬೇಕಾದ ಜಾಗದಲ್ಲೇ ಕಾಗದವನ್ನು ನೆಲಕ್ಕೆ ಹಾಸಿ, ಕಾಗದದ ಪೂರ್ವವನ್ನು ನೆಲದ ಪೂರ್ವಕ್ಕೆ ಸರಿಯಾಗಿ ಕೂರಿಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರುತ್ತಾರೆ. ಆಮೇಲೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಆ ಕಡೆಯಿಂದ ನೋಡಬೇಕಾದವರು ತಾವೇ ಎದ್ದು ಆ ಕಡೆಗೆ ಹೋಗಬೇಕು. ಹೀಗೆ ಹಾಸಿದ ಪ್ಲಾನನ್ನು ಅಕ್ಷರ ಬಾರದವರೂ ಸಲೀಸಾಗಿ ಓದುತ್ತಾರೆ. ಕಾಗದದಲ್ಲಿ ಒಲೆಯ ಗುರುತು ಯಾವ ಕಡೆಯಿದೆಯೋ ನೆಲದಲ್ಲೂ ಒಲೆ ಆ ಕಡೆಯೇ. ರಸ್ತೆ ಎಲ್ಲಿದೆ ಎಂದು ಗೆರೆಗಳಲ್ಲಿ ಹುಡುಕುವ ಕಷ್ಟವಿಲ್ಲ, ತಲೆಯೆತ್ತಿದರೆ ಬಸ್ಸು ಹೋಗುತ್ತಿರುವುದು ಕಾಣುತ್ತದೆ.

ಕೆಲವು ವರ್ಷದ ಹಿಂದೆ ಟ್ಯಾಬ್ಲೆಟ್ ಕೊಂಡಾಗ ಅದಕ್ಕೂ ನಾನು ಇದೇ ಪದ್ಧತಿ ಕಲಿಸಿದೆ. ಪರದೆ ತಾನಾಗಿ ತಿರುಗದಂತೆ ಸೆಟ್ಟಿಂಗ್‌ನಲ್ಲಿ ಬೀಗ ಹಾಕಿ, ದಿಕ್ಕು ನೋಡಿ ನೆಲದ ಮೇಲೆ ಮಲಗಿಸುತ್ತಿದ್ದೆ. ಕಲ್ಲು ಮಾತ್ರ ಹೇರುತ್ತಿರಲಿಲ್ಲ. ಜನ ಅದಕ್ಕೆ ಬೇಗ ಒಗ್ಗಿದರು. ಅದು ಅವರ ಕಣ್ಣಿಗೆ ದೊಡ್ಡದೊಂದು ಫೋನು, ಅಷ್ಟೆ. ಹೆಮ್ಮರಗಾಲದಲ್ಲಿ ಒಬ್ಬ ಹೆಣ್ಣುಮಗಳು ರಾಗಿಹಿಟ್ಟಿನ ಬೆರಳಲ್ಲೇ ಬಚ್ಚಲಿನ ಗೋಡೆಯನ್ನು ತೋರಿಸಿ, ‘ಇದ ವಸಿ ಅತ್ತಗೆ ತಳ್ಳಿ’ ಎಂದು ಹೇಳಿ ಒಳಗೆ ಹೋಗಿದ್ದಳು. ಹಿಟ್ಟು ಒರೆಸಿ ಗೋಡೆ ತಳ್ಳಿದೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಹೋದ ಬೇಸಿಗೆಯಲ್ಲಿ ಆಫೀಸಿನ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. ಸ್ಥಳದಲ್ಲಿ ಒರಟಾಗಿ ಗೀಚಲು, ಜನರಿಗೆ ತೋರಿಸಲು ಟ್ಯಾಬ್ಲೆಟ್ ಸಾಕು. ಆದರೆ ಅಳತೆಗೆ ಸರಿಯಾಗಿ ಪ್ಲಾನ್ ಬರೆಯುವುದು, ಎಸ್ಟಿಮೇಟ್ ಟೈಪ್ ಮಾಡುವುದು, ಅನುಮತಿಗೆ ಅಪ್‌ಲೋಡ್ ಮಾಡುವುದು ಎಲ್ಲ ಆ ಹಳೆಯ ಪೆಟ್ಟಿಗೆಯ ಮೇಲೇ ನಡೆಯುತ್ತಿತ್ತು. ಅದನ್ನು ರಿಪೇರಿಗೆ ಕೊಂಡೊಯ್ದರೆ, ‘ಇದಕ್ಕೆ ಇನ್ನು ಗಂಗೋದಕ ಬಿಡಿ ಮೇಡಂ’ ಎಂದು ರಿಪೇರಿಯವನೇ ಕೈಚೆಲ್ಲಿದ. ಟ್ಯಾಬ್ಲೆಟ್ಟಿಗೇ ಒಂದು ಕೀಬೋರ್ಡ್ ಅಂಟಿಸಿಕೊಂಡು ಸುಧಾರಿಸಲೋ, ಎರಡೂ ಕೆಲಸ ಮಾಡುವ ಒಂದೇ ಮಿಷನ್ ತರಲೋ ಎಂಬ ಪ್ರಶ್ನೆ ಆಗ ಎದ್ದಿತು.

ನನ್ನ ಮೈದುನ ಟಿ. ನರಸೀಪುರದಲ್ಲಿ ಕಾಲೇಜು ಮೇಷ್ಟ್ರು. ಅವನ ಹತ್ತಿರ ಮಡಚುವ ಲ್ಯಾಪ್‌ಟಾಪ್ ಇದೆ. ಅದನ್ನು ಹೊಗಳಲು ಕೂತನೆಂದರೆ ಊಟಕ್ಕೂ ಏಳುವುದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ.

‘ಅತ್ತಿಗೆ, ಎರಡೂ ಒಂದ್ರಲ್ಲೇ ಇದೆ. ಹಿಂದಕ್ಕೆ ಮಡಚಿದ್ರೆ ಟ್ಯಾಬ್ಲೆಟ್, ಬಿಚ್ಚಿದ್ರೆ ಲ್ಯಾಪ್‌ಟಾಪ್. ಇನ್ನೇನು ಬೇಕು ನಿಮಗೆ?’ ಎಂದ.

‘ಬಸ್ಸಲ್ಲಿ ಹಿಂದಕ್ಕೆ ಮಲಗಿಸೋ ಸೀಟು ಇರುತ್ತಲ್ಲ, ಅದು ನೆಟ್ಟಗೆ ಸೀಟೂ ಅಲ್ಲ, ಹಾಸಿಗೇನೂ ಅಲ್ಲ. ಹಂಗಾಗದಿದ್ರೆ ಸರಿ’ ಎಂದೆ.

‘ಒಂದು ವಾರ ಇಟ್ಕೊಂಡು ನೋಡಿ, ಆಮೇಲೆ ಮಾತಾಡಿ’ ಎಂದು ಅವನು ತನ್ನದನ್ನು ನನಗೆ ಕೊಟ್ಟು, ನನ್ನ ಟ್ಯಾಬ್ಲೆಟ್ಟನ್ನು ತಾನು ಇಟ್ಟುಕೊಂಡ. ನನ್ನ ಕೆಲಸದ ಸಾಫ್ಟ್‌ವೇರನ್ನೂ ಅವನೇ ಅದರಲ್ಲಿ ಕೂರಿಸಿಕೊಟ್ಟ.

ಇದ್ದದ್ದನ್ನು ಇದ್ದ ಹಾಗೇ ಹೇಳಬೇಕು, ಆಫೀಸಿನಲ್ಲಿ ಅದು ಚಿನ್ನದಂಥ ಮಿಷನ್. ಕನ್ನಡದಲ್ಲಿ ಎಸ್ಟಿಮೇಟ್ ಟೈಪ್ ಮಾಡುವಾಗ ಬೆರಳು ಓಡುತ್ತಿತ್ತು. ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಕುಟ್ಟಿ ಕುಟ್ಟಿ ಬೆರಳ ತುದಿ ಜಡ್ಡುಗಟ್ಟಿದ್ದವಳಿಗೆ ತವರಿಗೆ ಬಂದ ಹಾಗಾಯಿತು. ಪೆನ್ನಿನಲ್ಲಿ ಗೆರೆ ಎಳೆದರೆ ಅದೇ ಪರದೆಯ ಮೇಲೆ ಅಳತೆ ಸಮೇತ ಕೂರುತ್ತಿತ್ತು. ಮೊದಲು ಸ್ಥಳದಲ್ಲಿ ಗೀಚಿದ್ದನ್ನು ಮತ್ತೆ ಆಫೀಸಿಗೆ ಬಂದು ಬರೆಯುವ ಎರಡೆರಡು ಕೆಲಸವಿತ್ತು, ಅದು ತಪ್ಪಿತು. ಮನಸ್ಸಿನೊಳಗೇ ಮೈದುನನಿಗೆ ಒಂದು ಶಹಬ್ಬಾಸ್ ಹೇಳಿದೆ. ಬಾಯಿಬಿಟ್ಟು ಹೇಳಿದರೆ ಅವನು ತಲೆಯ ಮೇಲೆ ಕೂರುತ್ತಾನೆ.

ಹೊರಗೆ ಹೋದಾಗ ಅದರ ಇನ್ನೊಂದು ಮುಖ ಕಂಡಿತು. ಹುಲ್ಲಹಳ್ಳಿಯಲ್ಲಿ ನಾಲೆಯ ಪಕ್ಕದ ಒಬ್ಬ ರೈತರ ಮನೆ. ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪ್ ಬಿಚ್ಚಿದೆ. ಪರದೆ ನನ್ನ ಕಡೆ, ಅದರ ಬೆನ್ನು ಅವರ ಕಡೆ. ನಾನು ಟೈಪ್ ಮಾಡುತ್ತಾ ‘ಹೇಳಿ, ಎಷ್ಟು ರೂಮು’ ಎಂದೆ. ಸಾಮಾನ್ಯವಾಗಿ ಮೈಮೇಲೆ ಬಿದ್ದು ಮಾತಾಡುವ ಆ ಯಜಮಾನರು ಕೈಕಟ್ಟಿ ನಿಂತುಬಿಟ್ಟರು.

‘ಯಾಕೆ, ಕೂತ್ಕೊಳಿ’ ಎಂದೆ.

‘ಬ್ಯಾಂಕ್ ಮ್ಯಾನೇಜರ್ ಮುಂದೆ ನಿಂತಂಗಾಯ್ತದೆ ಮೇಡಂ. ಆ ಮುಚ್ಚಳದ ಇಂದೆ ನೀವು ಏನ್ ಬರ್ಕತಿದ್ದೀರೋ ನಮ್ಗೇನ್ ಗೊತ್ತಾಯ್ತದೆ?’ ಎಂದರು.

ನಿಜವೇ. ಟ್ಯಾಬ್ಲೆಟ್ ತಟ್ಟೆಯ ಹಾಗೆ ನಡುವೆ ಇರುತ್ತದೆ, ಸುತ್ತ ಕೂತವರೆಲ್ಲ ಅದರಿಂದ ತಿನ್ನಬಹುದು. ಲ್ಯಾಪ್‌ಟಾಪ್ ನಡುವೆ ಗೋಡೆ ಎಬ್ಬಿಸುತ್ತದೆ. ಪೂರ್ತಿ ಹಿಂದಕ್ಕೆ ಮಡಚಿ ನೆಲದ ಮೇಲಿಟ್ಟ ಮೇಲೆ ಯಜಮಾನರು ಕೂತರು, ಅವರ ಹೆಂಡತಿಯೂ ಬಂದರು, ಮಾತು ಹೊರಟಿತು. ಆದರೆ ಮಡಚಿದ ಲ್ಯಾಪ್‌ಟಾಪನ್ನು ಒಂದು ಕೈಯಲ್ಲಿ ಹಿಡಿದು ಹೊಲವೆಲ್ಲ ತಿರುಗಲು ನನ್ನ ಮಣಿಕಟ್ಟಿಗೆ ಆಗುವುದಿಲ್ಲ. ಬಿಸಿಲಿಗೆ ಅದು ಕಾದ ಹೆಂಚಾಗುತ್ತದೆ. ತಳದಲ್ಲಿ ಕೀಲಿಗಳು ಬೆರಳಿಗೆ ಹುಳ ಹರಿದ ಹಾಗೆ ತಾಗುತ್ತಿರುತ್ತವೆ. ಮಡಚಿದಾಗ ಅವು ಕೆಲಸ ಮಾಡುವುದಿಲ್ಲ ಎಂದು ಗೊತ್ತಿದ್ದರೂ ಎಲ್ಲಿ ಏನನ್ನು ಒತ್ತಿಬಿಟ್ಟೆನೋ ಎಂದು ಜೀವ ಹೊಡೆದುಕೊಳ್ಳುತ್ತದೆ.

ಆ ವಾರದ ಕೊನೆಗೆ ಇಡ್ಲಿ ಅವ್ವನ ಮನೆ ನೋಡುವುದಿತ್ತು.

ಅವರ ಮಗ ನಂಜನಗೂಡಿನಲ್ಲೇ ಒಂದು ಸರ್ಕಾರಿ ಕೆಲಸದಲ್ಲಿರುವವನು. ತಿಂಗಳ ಹಿಂದೆ ಆಫೀಸಿಗೆ ಬಂದು ಮನೆಯ ವಿಚಾರ ಹೇಳಿದ್ದ. ನಿವೇಶನದ ಪೂರ್ವಕ್ಕೆ ತಲಕಾಡಿನ ಬಸ್ ರಸ್ತೆ, ಪಶ್ಚಿಮಕ್ಕೆ ಹಿಂದಿನಿಂದ ಎತ್ತಿನಗಾಡಿ ಬರುವಷ್ಟು ಓಣಿ. ಪಕ್ಕದಲ್ಲೇ ಹಳೆಯ ಮನೆ. ಹೊಸ ಮನೆ ಎದ್ದ ಮೇಲೆ ಹಳೆಯದನ್ನು ಕೆಡವುವುದು. ಅವನಿಗೆ ಬೇಕಾಗಿದ್ದದ್ದು ಮುಂದುಗಡೆ ಆಗ್ನೇಯ ಮೂಲೆಗೆ ಕಾರು ನಿಲ್ಲುವ ಪೋರ್ಟಿಕೊ. ಅಡುಗೆಮನೆ ಹಿಂದುಗಡೆ ವಾಯವ್ಯಕ್ಕೆ.

‘ಅವ್ವನ ಇಡ್ಲಿ ಒಲೆ?’ ಎಂದು ಕೇಳಿದ್ದೆ. ಆ ರಸ್ತೆಯಲ್ಲಿ ಓಡಾಡುವ ಯಾರಿಗೆ ಅವರ ಒಲೆ ಗೊತ್ತಿಲ್ಲ? ಬೆಳಿಗ್ಗೆ ತಲಕಾಡಿಗೆ ಹೋಗುವ ಭಕ್ತರು, ಸ್ಕೂಲ್ ಮೇಷ್ಟ್ರುಗಳು, ಕೂಲಿಗೆ ಹೊರಟ ಹೆಂಗಸರು, ಬಸ್ಸಿನ ಡ್ರೈವರು ಎಲ್ಲರೂ ಆ ಜಗಲಿಯ ಮುಂದೆ ನಿಲ್ಲುವವರೇ.

‘ವಯಸ್ಸಾಯ್ತು ಮೇಡಂ, ಇನ್ನೆಷ್ಟು ದಿನ ಹೊಗೆ ಕುಡೀತಾರೆ? ನಾನು ಕೈತುಂಬ ತರ್ತಿದ್ದೀನಿ. ಹೊಸ ಮನೆ ಮುಂದೇನೂ ಅದೇ ಪಾತ್ರೆ, ಅದೇ ಕ್ಯೂ ಅಂದ್ರೆ ನೋಡಿದವರು ಏನಂತಾರೆ? ಮನೇಲಿ ಹಿಂದ್ಗಡೆ ದೊಡ್ಡ ಅಡುಗೆಮನೆ ಮಾಡ್ಸ್ಕೊಡ್ತೀನಿ, ಅಲ್ಲಿ ಬೇಕಾದ್ದು ಬೇಯಿಸ್ಕೊಳ್ಳಲಿ’ ಎಂದ. ಕೆಟ್ಟವನಲ್ಲ. ಅಮ್ಮನ ಮೇಲೆ ಪ್ರೀತಿಯೂ ಇತ್ತು, ಅಮ್ಮನ ಒಲೆಯ ಬಗ್ಗೆ ನಾಚಿಕೆಯೂ ಇತ್ತು. ಆದರೆ ನಿವೇಶನ ಅವ್ವನ ಹೆಸರಿನಲ್ಲಿತ್ತು, ಒಂದು ವರ್ಷದಿಂದ ಅವ್ವ ಹೂಂ ಅಂದಿರಲಿಲ್ಲ. ಒಲೆ ರಸ್ತೆಗೆ ಇದ್ದರೆ ಮನೆ, ಇಲ್ಲದಿದ್ದರೆ ಹಳೇ ಮನೆಯೇ ಸಾಕು ಎಂದು ಹಠ ಹಿಡಿದಿದ್ದರಂತೆ.

ಕಟ್ಟಿಸುವವರು ಹೇಳಿದ ಹಾಗೆ ಮೊದಲು ಬರೆಯುವುದು, ಆಮೇಲೆ ಜಗಳವಾಡುವುದು ನನ್ನ ಕ್ರಮ. ಅವನು ಹೇಳಿದ ಹಾಗೆಯೇ ಬರೆದೆ. ಪೋರ್ಟಿಕೊದಲ್ಲಿ ಅವನ ಆಸೆಯಂತೆ ಕಾರಿನ ಚಿತ್ರ, ಅಡುಗೆಮನೆಯಲ್ಲಿ ಒಲೆಯ ಗುರುತು.

ನಾನು ಹೋಗುವ ಹೊತ್ತಿಗೆ ಬೆಳಗಿನ ವ್ಯಾಪಾರ ಮುಗಿದು ಅವ್ವ ಪಾತ್ರೆ ತೊಳೆದು ಬೋರಲು ಹಾಕಿದ್ದರು. ಖಾಲಿ ನಿವೇಶನದ ನಡುವೆ ಹೊಂಗೆ ಮರದ ಚೂರುಪಾರು ನೆರಳಿನಲ್ಲಿ ಚಾಪೆ ಹಾಸಿದರು. ನಾನು ದಕ್ಷಿಣದ ಕಡೆ ಕೂತೆ, ಮಗ ನನ್ನ ಪಕ್ಕದಲ್ಲಿ ಕೂತ. ಅವ್ವ ನಮ್ಮ ಎದುರಿಗೆ. ಸೊಸೆ ಹಳೆಯ ಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಲ್ಯಾಪ್‌ಟಾಪನ್ನು ಪೂರ್ತಿ ಮಡಚಿ, ಪರದೆ ಮೇಲೆ ಮಾಡಿ, ದಿಕ್ಕಿಗೆ ಸರಿಯಾಗಿ ನಡುವೆ ಮಲಗಿಸಿದೆ. ಇದು ಹಜಾರ, ಇದು ದೇವರ ಕೋಣೆ ಎಂದು ಹೇಳುತ್ತಾ ಹೋದೆ. ಅಷ್ಟರಲ್ಲಿ ಮಗ ನೀರಿನ ಸಂಪ್ ಎಲ್ಲಿ ತೋಡಿಸುವುದು ಎಂದು ಕೇಳಿದ. ಅವನ ಕಡೆ ತಿರುಗಿ ಜಾಗ ತೋರಿಸುತ್ತಿದ್ದೆ.

‘ಬಿಸ್ಲಿಗೆ ಏನೂ ಕಾಣಾಕಿಲ್ವಲ್ಲ’ ಎನ್ನುತ್ತಾ ಅವ್ವ ಸೆರಗಿಗೆ ಕೈ ಒರೆಸಿಕೊಂಡು ಮಿಷನ್ನನ್ನು ತಮ್ಮ ಕಡೆಗೆ ಎತ್ತಿ ನೋಡಿ, ಮತ್ತೆ ಇದ್ದಲ್ಲೇ ಮಲಗಿಸಿದರು. ಪರದೆಯನ್ನು ನೋಡಿದರು, ರಸ್ತೆಯನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು. ಮುಖ ಅರಳಿತು.

‘ಏನವ್ವ, ಒಲೆಯ ನೀನು ರಸ್ತೆ ಕಡೀಕೇ ಮಡಗಿದ್ದೀಯಲ್ಲ’ ಎಂದರು.

ನನಗೆ ಅರ್ಥವಾಗಲಿಲ್ಲ.

‘ಕಾರ್ನ ಇತ್ಲು ಕಡೀಕ್ ಆಕಿದ್ದೀಯ. ಒಳ್ಳೇದಾಯ್ತು ಬುಡು, ಗಾಡಿ ಓಣಿ ಇದ್ದೇ ಅದೆ. ಇಂಗಾದ್ರೆ ನಂದೇನೂ ತಕರಾರಿಲ್ಲ. ಲೇ ಮಗ, ನಾಳಿಕೇ ಗುದ್ಲಿ ಪೂಜೆಗೆ ದಿನ ಕೇಳ್ಲಾ.’

ಆಗ ಪರದೆ ನೋಡಿದೆ. ಅಕ್ಷರಗಳೆಲ್ಲ ನನಗೆ ತಲೆಕೆಳಗಾಗಿದ್ದವು. ಅವ್ವ ಎತ್ತಿದ ಕೂಡಲೇ ಪ್ಲಾನ್ ಅವರಿಗೆ ನೇರವಾಗಿ ಕಾಣಲೆಂದು ತಾನೇ ತಿರುಗಿಕೊಂಡಿತ್ತು. ನನ್ನ ಟ್ಯಾಬ್ಲೆಟ್ಟಿಗೆ ಹಾಕಿದ್ದ ಬೀಗ ಮೈದುನನ ಮಿಷನ್ನಿಗೆ ಇರಲಿಲ್ಲ. ವಾಯವ್ಯದ ಒಲೆ ಬಂದು ಆಗ್ನೇಯದಲ್ಲಿ ಕೂತಿತ್ತು, ಆಗ್ನೇಯದ ಕಾರು ಹಿತ್ತಲಿಗೆ ಹೋಗಿತ್ತು. ಪಟ್ಟಣದವರಾದರೆ ಪರದೆಯಲ್ಲಿ ‘ರಸ್ತೆ’ ಎಂದು ಎಲ್ಲಿ ಬರೆದಿದೆ ಎಂದು ಹುಡುಕುತ್ತಿದ್ದರು. ಅವ್ವ ನೆಲದ ಮೇಲೆ ಹಾಸಿದ ಪ್ಲಾನನ್ನು ನಮ್ಮ ಕಡೆಯವರು ಓದುವ ಹಾಗೆ ಓದಿದ್ದರು. ರಸ್ತೆ ಕಣ್ಣೆದುರಿಗೇ ಇತ್ತು, ಒಲೆ ರಸ್ತೆಯ ಕಡೆಗೇ ಇತ್ತು. ಅವರು ಓದಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಮಗನಿಗೂ ತಿಳಿಯಿತು. ಅವನೂ ನನ್ನ ಕಡೆಯೇ ಕೂತಿದ್ದನಲ್ಲ, ಅಕ್ಷರ ಅವನಿಗೂ ತಲೆಕೆಳಗೇ. ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದ:

‘ಸುಮ್ನಿದ್ಬಿಡಿ ಮೇಡಂ. ಒಂದು ವರ್ಷ ಆದ್ಮೇಲೆ ಹೂಂ ಅಂದವ್ರೆ. ಕಟ್ಟಿದ್ಮೇಲೆ ಹೊಂದ್ಕೋತಾರೆ.’

ನನ್ನ ಮೈಯೆಲ್ಲ ಉರಿದುಹೋಯಿತು. ಸುಮ್ಮನಿದ್ದರೆ ನನಗೇನೂ ನಷ್ಟವಿರಲಿಲ್ಲ. ಕೆಲಸ ಶುರುವಾಗುತ್ತಿತ್ತು, ಒಂದು ಮನೆ ಏಳುತ್ತಿತ್ತು, ಅವ್ವ ಗೋಡೆ ಎದ್ದ ಮೇಲೆ ಒಲೆ ಹಿಂದಕ್ಕೆ ಹೋದದ್ದನ್ನು ಕಾಣುತ್ತಿದ್ದರು. ಆ ಹೊತ್ತಿಗೆ ಪಾಯ ಮುಗಿದಿರುತ್ತದೆ, ಯಾರು ಏನು ಮಾಡಲಾಗುತ್ತದೆ? ಹೀಗೆ ಹೊಂದಿಕೊಂಡ ಹೆಂಗಸರನ್ನು ನಾನು ನೋಡಿದ್ದೇನೆ. ಸಿಮೆಂಟಿನ ಹೊಸ ಮನೆಯ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಅಡುಗೆ ಮಾಡುತ್ತಿರುತ್ತಾರೆ, ಕೇಳಿದರೆ ‘ನಮ್ಗೇನು, ಅಂಗೇ ಆಯ್ತದೆ’ ಅನ್ನುತ್ತಾರೆ. ನನ್ನ ಕೈಯಿಂದ ಹೋದ ಗೆರೆಯ ಮೇಲೆ ಇನ್ನೊಬ್ಬರು ಹಾಗೆ ಕೂರುವುದು ನನಗೆ ಬೇಡವಾಗಿತ್ತು.

‘ನೋಡಪ್ಪ, ನಿಮ್ಮವ್ವ ಹೂಂ ಅಂದಿದ್ದು ನೀನು ಹೇಳಿದ ಮನೆಗಲ್ಲ. ಅವರು ಒಪ್ಪದೇ ಇರೋ ಮನೇನ ನಾನು ಕಟ್ಟಿಸಲ್ಲ’ ಎಂದು ಗಟ್ಟಿಯಾಗಿಯೇ ಹೇಳಿದೆ. ಆಮೇಲೆ ಅವ್ವನ ಕಡೆ ತಿರುಗಿ, ‘ಅವ್ವ, ಸ್ವಲ್ಪ ಇರಿ. ನೀವು ಎತ್ತಿದಾಗ ಈ ಮಿಷನ್ನು ತಿರುಗಿಬಿಟ್ಟಿದೆ. ಈಗ ಸರಿಯಾಗಿ ತೋರಿಸ್ತೀನಿ’ ಎಂದೆ.

ಎತ್ತಿ ತಿರುಗಿಸಿ ತೋರಿಸಿದೆ. ಈ ಕಡೆ ಬಗ್ಗಿಸಿದರೆ ಹೀಗೆ, ಆ ಕಡೆ ಬಗ್ಗಿಸಿದರೆ ಹಾಗೆ. ಸೆಟ್ಟಿಂಗ್‌ಗೆ ಹೋಗಿ ಬೀಗ ಹಾಕಿದೆ. ದಿಕ್ಕು ಕೂರಿಸಿ ನೆಲಕ್ಕಿಟ್ಟು, ಪಕ್ಕದಲ್ಲಿ ಬಿದ್ದಿದ್ದ ಕಲ್ಲುಗಳನ್ನು ತಂದು ನಾಲ್ಕು ಮೂಲೆಗೆ ಒತ್ತರಿಸಿದೆ. ಮೈದುನ ನೋಡಿದ್ದರೆ ಅಲ್ಲೇ ಎದೆ ಹಿಡಿದುಕೊಂಡು ಕೂರುತ್ತಿದ್ದ. ಕಲ್ಲು ಕಂಡ ಮೇಲೆ ಅವ್ವನಿಗೆ ಇನ್ನೇನೂ ಹೇಳಬೇಕಾಗಲಿಲ್ಲ. ಎದ್ದು ಸೀರೆಯ ನೆರಿಗೆ ಎತ್ತಿಕೊಂಡು ಸುತ್ತ ಒಂದು ಸಲ ಬಂದರು. ಆಗ್ನೇಯ ಮೂಲೆಯ ಹತ್ತಿರ ನಿಂತರು. ಅಲ್ಲಿ ಕಾರು ಇತ್ತು. ಅರಳಿದ್ದ ಮುಖ ಬಾಡಿದ್ದನ್ನು ನೋಡಲಾಗದೆ ನಾನು ಪೆನ್ನು ಹುಡುಕುವವಳ ಹಾಗೆ ತಲೆ ತಗ್ಗಿಸಿದೆ.

‘ಅಂಗಾರೆ ಮೊದ್ಲು ನಾನ್ ಕಂಡದ್ದು ಸುಳ್ಳಾ?’ ಎಂದರು.

‘ಸುಳ್ಳಲ್ಲ ಅವ್ವ. ಮನೆ ಇದೇ. ಹಿಂದುಮುಂದಾಗಿ ಕಂಡಿತು.’

ಅವ್ವ ಇನ್ನೊಂದು ಸುತ್ತು ಬಂದು ನನ್ನ ಎದುರಿಗೆ ನಿಂತರು.

‘ಇಂದುಮುಂದಾಗೇ ಕಟ್ಟಾಕೆ ಆಗಾಕಿಲ್ವ?’

ಮಗ ಎದ್ದ. ‘ಅವ್ವ, ಅದು ಮಿಷನ್ ಮಾಡಿದ ತಪ್ಪು. ಅದನ್ನ ಹಿಡ್ಕೊಂಡು ಮನೆ ಕಟ್ತಾರಾ ಯಾರಾದ್ರೂ?’

‘ನಾನ್ ನಿನ್ನ ಕೇಳ್ನಿಲ್ಲ ಕಣ್ಲಾ, ಮೇಡಮ್ಮನ ಕೇಳ್ದೆ.’

ನನ್ನನ್ನು ಕೇಳಿದ ಮೇಲೆ ನಾನು ಬಿಡುತ್ತೇನೆಯೇ. ‘ಆಗುತ್ತೆ ಅವ್ವ. ಧಾರಾಳವಾಗಿ ಆಗುತ್ತೆ’ ಎಂದೆ. ಬಾಗಿಲು ಪೂರ್ವಕ್ಕೇ ಇರಲಿ, ಈಶಾನ್ಯದ ಕಡೆಗೆ ಸರಿಸೋಣ. ಅಡುಗೆಮನೆ ಆಗ್ನೇಯಕ್ಕೆ ಬಂದರೆ ಶಾಸ್ತ್ರದವರಿಗೂ ಖುಷಿ, ಅಗ್ನಿಗೆ ಅದಕ್ಕಿಂತ ಒಳ್ಳೆಯ ಮೂಲೆ ಯಾವುದು? ವಾಯವ್ಯ ಎನ್ನುವುದು ಆಗ್ನೇಯ ಸಿಗದವರಿಗೆ ಹೇಳುವ ಸಮಾಧಾನ. ರಸ್ತೆಯ ಕಡೆಗೆ ದೊಡ್ಡ ಕಿಟಕಿ, ಕಿಟಕಿಗೆ ಕಲ್ಲಿನ ಹಲಗೆ, ಹೊಗೆ ಹೋಗಲು ಮೇಲೆ ಚಿಮಣಿ. ಕಾರು ಹಿಂದಿನ ಓಣಿಯಿಂದ ಬರಲಿ. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

‘ಓಣೀಲಿ ಕಾರು ತಿರುಗಿಸೋದು ಹೆಂಗೆ ಮೇಡಂ?’ ಎಂದು ಮಗ ಕೇಳಿದ.

ಅಷ್ಟು ಹೊತ್ತೂ ಬಾಗಿಲಲ್ಲಿ ಸುಮ್ಮನೆ ನಿಂತಿದ್ದ ಸೊಸೆ ಆಗ ಬಾಯಿಬಿಟ್ಟಳು. ‘ಕಾರ್ ಇನ್ನೂ ತಗಂಡೇ ಇಲ್ವಲ್ರೀ. ಕೂಸು ಉಟ್ಟೋಕ್ ಮುಂಚೆ ಕುಲಾವಿ ಒಲ್ಸೋದ್ಯಾಕೆ?’

ಅವ್ವ ನಕ್ಕರು, ನಾನೂ ನಕ್ಕೆ. ಮಗನ ಕಿವಿ ಕೆಂಪಾಯಿತು. ಅವನು ಇನ್ನೂ ಏನೋ ಹೇಳಲು ಹೊರಟಿದ್ದ. ಅವ್ವ ಅವನ ಹತ್ತಿರ ಹೋಗಿ ಭುಜದ ಮೇಲೆ ಕೈಯಿಟ್ಟರು. ಬೈಯುವ ದನಿಯೇ ಇರಲಿಲ್ಲ.

‘ನಂಗೆ ರಸ್ತೆ ಕಾಣ್ದಿದ್ರೆ ಉಸ್ರು ಕಟ್ಟಿದಂಗಾಯ್ತದೆ ಮಗ. ಯಾರ್ ಓದ್ರು, ಯಾರ್ ಬಂದ್ರು, ಯಾವ್ ಬಸ್ ತಡ ಆಯ್ತು, ಎಲ್ಲ ನಂಗೆ ಬೇಕು. ನಿಂಗೆ ನನ್ ಒಲೆ ಮುಂದೆ ಓಡಾಡಾಕೆ ನಾಚ್ಕೆ ಆದ್ರೆ ಓಣೀಲಿ ಬಾ, ಓಣೀಲಿ ಓಗು. ನಾನೇನೂ ಅನ್ಕಳಾಕಿಲ್ಲ. ನಾನು ಮುಂದ್ಗಡೆ ಇರ್ತೀನಿ.’

ಮಗ ಓಣಿಯ ಕಡೆ ಒಮ್ಮೆ ನೋಡಿದ. ಆಮೇಲೆ ಬಂದು ಚಾಪೆಯ ಮೇಲೆ ಕೂತು, ‘ಕಿಟಕಿ ಎಷ್ಟು ಅಗಲ ಬರುತ್ತೆ ಮೇಡಂ?’ ಎಂದ.

ಕಲ್ಲು ತೆಗೆದು ಪೆನ್ನು ಹಿಡಿದೆ. ಅಲ್ಲೇ, ಆ ಚಾಪೆಯ ಮೇಲೆಯೇ, ಇಡೀ ಪ್ಲಾನನ್ನು ಹೊಸದಾಗಿ ಬರೆದೆ. ಅವ್ವ ಬೆರಳಿಟ್ಟು ತೋರಿಸಿದಲ್ಲಿ ಕಿಟಕಿ ಕೂರಿಸಿದೆ, ಅವರು ಗೇಣಿನಲ್ಲಿ ಹೇಳಿದ ಎತ್ತರವನ್ನು ಅಡಿಗೆ ಇಳಿಸಿದೆ. ಆಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಎಸ್ಟಿಮೇಟ್ ಟೈಪ್ ಮಾಡಿ ಮಗನ ಫೋನಿಗೆ ಕಳಿಸಿಯೇ ಎದ್ದೆ. ಇಲ್ಲಿ ಮೈದುನನ ಮಿಷನ್ನಿಗೆ ಸಲ್ಲಬೇಕಾದ್ದು ಸಲ್ಲಬೇಕು. ಬರೀ ಟ್ಯಾಬ್ಲೆಟ್ ಇದ್ದಿದ್ದರೆ ಗೀಚಿಕೊಂಡು ನಂಜನಗೂಡಿಗೆ ವಾಪಸ್ ಬರಬೇಕಿತ್ತು, ಪಕ್ಕಾ ಪ್ಲಾನ್ ಕೈಗೆ ಬರುವ ಹೊತ್ತಿಗೆ ಮಗ ಅಮ್ಮನನ್ನು ಕೂರಿಸಿಕೊಂಡು ಮತ್ತೆ ಮನಸ್ಸು ತಿರುಗಿಸಿರುತ್ತಿದ್ದ. ಬಿಸಿ ಇದ್ದಾಗಲೇ ಕಬ್ಬಿಣ ಬಡಿಯಬೇಕು, ಕುಲುಮೆ ಜೊತೆಗೇ ಇರಬೇಕು.

ಹಿಂದಿರುಗುವಾಗ ನರಸೀಪುರದಲ್ಲಿ ಮೈದುನನಿಗೆ ಲ್ಯಾಪ್‌ಟಾಪ್ ಒಪ್ಪಿಸಿದೆ. ಅವನು ಮೂಲೆಯಲ್ಲಿ ಬಿದ್ದಿದ್ದ ಸಣ್ಣ ಗೀರನ್ನು ಬೆರಳಿನಿಂದ ಸವರಿ, ‘ಇದೇನು ಅತ್ತಿಗೆ?’ ಎಂದ. ‘ವಾಸ್ತು’ ಎಂದೆ. ಮುಂದಿನ ವಾರ ಅಂಥದ್ದನ್ನೇ ಕೊಂಡೆ. ಟ್ಯಾಬ್ಲೆಟ್ಟನ್ನೂ ಬಿಟ್ಟಿಲ್ಲ, ಹೊಲ ತಿರುಗುವಾಗ ಅದು, ಕೂತು ಬರೆಯುವಾಗ ಇದು. ಬ್ಯಾಗು ಭಾರವಾಗಿದೆ, ಕೆಲಸ ಹಗುರವಾಗಿದೆ. ಎರಡಕ್ಕೂ ಬೀಗ ಹಾಕಿಟ್ಟಿದ್ದೇನೆ, ಯಾರು ಎತ್ತಿ ಬಗ್ಗಿಸಿದರೂ ತಿರುಗುವುದಿಲ್ಲ. ಇದರಲ್ಲಿ ನಾನು ಮಾಡಿದ್ದೇ ಸರಿ ಎಂದು ಮೊನ್ನೆ ಮೊನ್ನೆಯವರೆಗೂ ಯಾರ ಮುಂದೆ ಬೇಕಾದರೂ ಹೇಳುತ್ತಿದ್ದೆ.

ಹೊಸ ಮನೆ ಎದ್ದು ಅವ್ವ ಒಲೆ ಹೂಡಿದ ಮೇಲೆ ಒಂದು ಬೆಳಿಗ್ಗೆ ತಲಕಾಡಿನ ಕಡೆ ಕೆಲಸಕ್ಕೆ ಹೋಗುತ್ತಾ ಅಲ್ಲಿ ಸ್ಕೂಟರ್ ನಿಲ್ಲಿಸಿದೆ. ಕಿಟಕಿಯ ಕಲ್ಲಿನ ಹಲಗೆಯ ಮೇಲೆ ಮುತ್ತುಗದ ಎಲೆ, ಎಲೆಯ ಮೇಲೆ ಇಡ್ಲಿ, ಹಸಿಮೆಣಸಿನಕಾಯಿ ಚಟ್ನಿ. ಜನ ಕರಗಿದ ಮೇಲೆ ಅವ್ವ ಕಿಟಕಿಗೆ ಒರಗಿ ನಿಂತರು. ‘ಅವತ್ತು ಒಳ್ಳೆ ಗಟ್ಟಿಯಾಗಿ ನಿಂತ್ರಿ ಅವ್ವ. ವರ್ಷದಿಂದ ಬಿಡದೇ ಹಿಡಿದಿದ್ದಕ್ಕೆ ಒಲೆ ಉಳೀತು’ ಎಂದೆ.

ಅವ್ವ ತಲೆಯಾಡಿಸಿದರು.

‘ಇಲ್ಲ ಕಣವ್ವ. ಅವತ್ತು ನಾನು ಹೂಂ ಅನ್ನಾಕೇ ಬಂದಿದ್ದೆ. ಇರೋ ಒಬ್ಬ ಮಗನ ಕೂಡೆ ಎಷ್ಟು ದಿನಾಂತ ಗುದ್ದಾಡೋದು, ಎಲ್ಲಾದ್ರೂ ಮಡಗ್ಲಿ ಅಂದ್ಕಂಡು, ಬೆಳಿಗ್ಗೆ ಬಂದೋರ್ಗೆಲ್ಲ ಇನ್ನು ಇಡ್ಲಿ ನಿಲ್ಲಿಸ್ತೀನಿ ಅಂತಾನೂ ಏಳ್ಬುಟ್ಟಿದ್ದೆ. ನನ್ ಒಲೆಯ ಎಲ್ಗೆ ಕಳಿಸ್ತಾವ್ರೆ, ಒಂದ್ ಸಲ ನೋಡುವ ಅಂತ ಆ ಮಿಷನ್ ಎತ್ತಿದ್ದು, ಅಷ್ಟೆ. ನೋಡಿದ್ರೆ ಇಲ್ಲೇ ಅದೆ. ಒಂದ್ ಸಲ ಇಲ್ಲಿ ಕಂಡ್ಮೇಲೆ ಬುಟ್ಟುಕೊಡಾಕೆ ನನ್ ಕೈಲಾಗ್ನಿಲ್ಲ ಕಣವ್ವ.’